ಇಂಗ್ಲಿಷ್‌ನಲ್ಲಿ ಒಂದೇ ಅರ್ಥ, ಜಪಾನಿಯಲ್ಲಿ ಹಲವು ಪದ: ಯಾವುದನ್ನು ಆರಿಸೋದು?

ಜಪಾನಿ ಕಲಿಯಲು ಶುರು ಮಾಡಿದ ಹೊಸತರಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ‘ರೈಸ್’ ಅನ್ನುವ ಒಂದೇ ಅರ್ಥದ ಎದುರು ನಾಲ್ಕು ಪದಗಳಿದ್ದವು: ‘ಇನೆ’, ‘ಮೊಮಿ’, ‘ಕೊಮೆ’, ‘ಗೊಹನ್’. ಯಾವುದನ್ನು ಎಲ್ಲಿ ಹೇಳಬೇಕು ಅಂತ ತಿಳಿಯದೆ ನಾಲ್ಕನ್ನೂ ಬಾಯಿಪಾಠ ಮಾಡಿದ್ದೆ. ಒಂದು ದಿನ ಆ ಇಂಗ್ಲಿಷ್ ಅರ್ಥವನ್ನು ಹೊಡೆದುಹಾಕಿ ಪಕ್ಕದಲ್ಲಿ ಕನ್ನಡ ಬರೆದೆ. ಇನೆ ಅಂದರೆ ಗದ್ದೆಯಲ್ಲಿರುವ ಪೈರು. ಮೊಮಿ ಅಂದರೆ ಭತ್ತ. ಕೊಮೆ ಅಂದರೆ ಅಕ್ಕಿ. ಗೊಹನ್ ಅಂದರೆ ಅನ್ನ. ಗೊಂದಲ ಅಲ್ಲಿಗೇ ಮುಗಿಯಿತು. ಅಕ್ಕಿ ಅಂಗಡಿಯಲ್ಲಿ ಯಾರೂ ಅನ್ನ ಕೇಳುವುದಿಲ್ಲ, ಅಲ್ವಾ? ಜಪಾನಿನವರೂ ಕೇಳುವುದಿಲ್ಲ.

ಗೊಹನ್ ಪದಕ್ಕೆ ಊಟ ಅನ್ನುವ ಅರ್ಥವೂ ಇದೆ. ‘ಅಸಗೊಹನ್’ ಬೆಳಗಿನ ತಿಂಡಿ, ‘ಹಿರುಗೊಹನ್’ ಮಧ್ಯಾಹ್ನದ ಊಟ, ‘ಬನ್‌ಗೊಹನ್’ ರಾತ್ರಿಯದು. ಹೋಟೆಲಿನಲ್ಲಿ ಪಾಶ್ಚಾತ್ಯ ಅಡುಗೆಯ ಜೊತೆ ತಟ್ಟೆಯಲ್ಲಿ ಬರುವ ಅನ್ನಕ್ಕೆ ಮಾತ್ರ ‘ರೈಸು’ ಅಂತಾರೆ.

ಅವತ್ತಿನಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಎರಡು ಜಪಾನಿ ಪದಗಳಿಗೆ ನಿಘಂಟು ಒಂದೇ ಇಂಗ್ಲಿಷ್ ಅರ್ಥ ಕೊಟ್ಟರೆ, ಮೊದಲು ಕನ್ನಡದಲ್ಲಿ ಹುಡುಕುತ್ತೇನೆ. ಬಹಳ ಸಲ ಆ ವ್ಯತ್ಯಾಸ ನಮ್ಮ ಮಾತಿನಲ್ಲಿ ಆಗಲೇ ಇರುತ್ತದೆ. ಕೆಲವು ಕಡೆ ಇರುವುದಿಲ್ಲ. ಇನ್ನು ಕೆಲವು ಕಡೆ ಇದೆ ಅನ್ನಿಸಿ ದಾರಿ ತಪ್ಪಿಸುತ್ತದೆ. ಈ ಮೂರೂ ಬಗೆಯ ಪದಗಳನ್ನು ಇಲ್ಲಿ ಹೋಲಿಸಿ ನೋಡೋಣ.

ಅದಕ್ಕೆ ಮುಂಚೆ ಒಂದು ಮಾತು. ಜಪಾನಿ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನ ಹೆಂಗಸು. ‘ಒಬಾಸನ್’ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆ ದೀರ್ಘ ಎಷ್ಟೋ ಸಲ ಕಳೆದುಹೋಗುತ್ತದೆ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆ ಚೀಟಿ. ನಮ್ಮ ದೀರ್ಘ, ನಮ್ಮ ಒತ್ತಕ್ಷರ ಇಲ್ಲಿ ಕೆಲಸಕ್ಕೆ ಬರುತ್ತವೆ.

ಚಳಿ, ತಣ್ಣಗೆ, ತಂಪು

‘ಸಮುಯಿ’, ‘ತ್ಸುಮೆತೈ’ ಎರಡಕ್ಕೂ ಇಂಗ್ಲಿಷ್‌ನಲ್ಲಿ ‘ಕೋಲ್ಡ್’. ಕನ್ನಡದಲ್ಲಿ ನೋಡಿ. ಹವೆಯಿಂದ ಮೈಗೆ ಆಗುವುದು ಚಳಿ, ಅದು ಸಮುಯಿ. ಮುಟ್ಟಿದರೆ ತಿಳಿಯುವುದು ತಣ್ಣಗೆ, ಅದು ತ್ಸುಮೆತೈ. ‘ಇವತ್ತು ತುಂಬಾ ಚಳಿ’ ಅನ್ನಲು ಸಮುಯಿ. ‘ಕಾಫಿ ತಣ್ಣಗಾಗಿದೆ’, ‘ಕೈ ತಣ್ಣಗಿದೆ’ ಅನ್ನಲು ತ್ಸುಮೆತೈ. ಸಮುಯಿ ಕಾಫಿ ಅಂದರೆ ನಾವು ಚಳಿ ಕಾಫಿ ಅಂದ ಹಾಗೆ. ಮೂರನೆಯದು ‘ಸುಜುಶೀ’, ಅಂದರೆ ತಂಪು. ಹಿತವಾದ ತಂಪು. ಸೆಖೆಯ ದಿನ ಸಂಜೆ ಬೀಸುವ ಗಾಳಿ ಸುಜುಶೀ. ಮನಸ್ಸಿನಲ್ಲಿ ಬೆಚ್ಚಗಿಲ್ಲದ, ಯಾರನ್ನೂ ಹತ್ತಿರ ಸೇರಿಸದ ಮನುಷ್ಯನಿಗೆ ತ್ಸುಮೆತೈ ಅಂತಾರೆ. ಅಂಥವನಿಗೆ ಸಮುಯಿ ಹೊಂದುವುದಿಲ್ಲ.

ಸೆಖೆ ಮತ್ತು ಬಿಸಿ ವಿಷಯಕ್ಕೆ ಬಂದರೆ ಜಪಾನಿಯಲ್ಲಿ ಎರಡಕ್ಕೂ ‘ಅತ್ಸುಯಿ’ ಅಂತಲೇ ಉಚ್ಚಾರ. ಆದರೆ ಬರೆಯುವ ಕಾಂಜಿ, ಅಂದರೆ ಚೀನಿ ಮೂಲದ ಅಕ್ಷರ, ಬೇರೆ. ಸೆಖೆಗೊಂದು, ಬಿಸಿಗೊಂದು. ಕನ್ನಡದವರು ಬರೆಯುವಾಗ ‘ಇದು ಸೆಖೆಯೋ ಬಿಸಿಯೋ’ ಅಂತ ಕೇಳಿಕೊಂಡರೆ ಸಾಕು.

ನೀರಿನ ಮುಂದೆ ಮಾತ್ರ ಜಾಗ್ರತೆ. ‘ಮಿಜು’ ಅಂದರೆ ನೀರು ಅಂತ ಕಲಿತು ‘ಅತ್ಸುಯಿ ಮಿಜು’ ಅಂತ ಬಿಸಿನೀರು ಕೇಳಿದರೆ ವಿಚಿತ್ರವಾಗಿ ಕೇಳಿಸುತ್ತದೆ. ಬಿಸಿನೀರಿಗೆ ‘ಒಯು’ ಅನ್ನುವ ಬೇರೆಯೇ ಪದ ಇದೆ. ನಮಗೆ ಬಿಸಿನೀರೂ ನೀರೇ. ಅವರಿಗೆ ಮಿಜು ಬಿಸಿಯಾದರೆ ಹೆಸರೇ ಬದಲಾಗುತ್ತದೆ.

ಗೊತ್ತಿಲ್ಲ ಅನ್ನಲು ಎರಡು ದಾರಿ

‘ಶಿರು’, ‘ವಕರು’. ಎರಡನ್ನೂ ಇಂಗ್ಲಿಷ್‌ನಲ್ಲಿ ‘ನೋ’ (know) ಅಂತಾರೆ, ವಕರುವಿಗೆ ‘ಅಂಡರ್‌ಸ್ಟ್ಯಾಂಡ್’ ಕೂಡ ಸೇರಿಸುತ್ತಾರೆ. ಶಿರು ಅಂದರೆ ವಿಷಯ ಹೊರಗಿನಿಂದ ಬಂದು ನಮಗೆ ಗೊತ್ತಾಗುವುದು. ವಕರು ಅಂದರೆ ಒಳಗೆ ಅರ್ಥ ಆಗುವುದು, ಸ್ಪಷ್ಟ ಆಗುವುದು. ‘ಅವರು ಗೊತ್ತಾ?’ ಅಂತ ಪರಿಚಯದ ಬಗ್ಗೆ ಕೇಳುವುದು ಶಿರು. ‘ಜಪಾನಿ ಅರ್ಥ ಆಗುತ್ತಾ?’ ಅಂತ ಕೇಳುವುದು ವಕರು.

ವಾಕ್ಯದ ಕಟ್ಟಣೆಯೂ ಸುಳಿವು ಕೊಡುತ್ತದೆ. ‘ನಿಹೊನ್‌ಗೊ ಗ ವಕರು’. ಇಲ್ಲಿ ಭಾಷೆಗೆ ‘ಗ’ ಹತ್ತಿದೆ, ಅಂದರೆ ಭಾಷೆಯೇ ಕರ್ತೃ. ‘ನನಗೆ ಜಪಾನಿ ಅರ್ಥ ಆಗುತ್ತದೆ’ ಅನ್ನುವಾಗ ನಮ್ಮಲ್ಲೂ ಆಗುವುದು ಜಪಾನಿ, ನಾನಲ್ಲ. ಶಿರುವಿಗೆ ಕರ್ಮದ ‘ಒ’ ಬೇಕು. ‘ಗೊತ್ತಿದೆ’ ಅನ್ನಲು ‘ಶಿತ್ತೆ ಇರು’ ಅನ್ನಬೇಕು, ಬರೀ ಶಿರು ಸಾಲದು. ಇಲ್ಲ ಅನ್ನುವಾಗ ಮಾತ್ರ ಸೀದಾ ‘ಶಿರನೈ’ ಅಥವಾ ‘ಶಿರಿಮಸೆನ್’.

ಕನ್ನಡ ಎಡವಿಸುವುದು ಈ ಇಲ್ಲ ಅನ್ನುವ ಜಾಗದಲ್ಲೇ. ನಾವು ಎಲ್ಲದಕ್ಕೂ ‘ಗೊತ್ತಿಲ್ಲ’ ಅಂದುಬಿಡುತ್ತೇವೆ. ಒಂದು ಊಟದ ಹೊತ್ತಿನಲ್ಲಿ ಜಪಾನಿನ ಹಿರಿಯರೊಬ್ಬರು ‘ನಾಳೆ ಬರ್ತೀರಾ?’ ಅಂತ ಕೇಳಿದರು. ಇನ್ನೂ ನಿರ್ಧಾರ ಆಗಿರಲಿಲ್ಲ. ನಾನು ‘ಶಿರಿಮಸೆನ್’ ಅಂದೆ. ಅವರ ಮುಖ ಸ್ವಲ್ಪ ಬಿಗಿಯಾಯಿತು. ನನ್ನದೇ ವಿಷಯ ನನ್ನನ್ನೇ ಕೇಳಿದಾಗ ಶಿರಿಮಸೆನ್ ಅಂದರೆ ‘ಅದೆಲ್ಲ ನನಗೇನು ಗೊತ್ತು’ ಅಂದ ಹಾಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಅಲ್ಲಿ ‘ಮದ ವಕರಿಮಸೆನ್’, ಅಂದರೆ ‘ಇನ್ನೂ ಗೊತ್ತಾಗಿಲ್ಲ’, ಅನ್ನಬೇಕಿತ್ತು. ಯೋಚಿಸಿದರೆ ಹೇಳಬಹುದಾದ, ಮುಂದೆ ಸ್ಪಷ್ಟವಾಗಬಹುದಾದ ವಿಷಯಕ್ಕೆ ವಕರಿಮಸೆನ್. ಸಂದೇಹ ಬಂದರೂ ಅದೇ ಮೆದು. ‘ಈ ಊರು ಗೊತ್ತಾ?’, ‘ಈ ಹಾಡು ಗೊತ್ತಾ?’ ಅಂತ ಬರೀ ಮಾಹಿತಿ ಕೇಳಿದರೆ ಮಾತ್ರ ಶಿರಿಮಸೆನ್ ಸರಿ.

ಹೌದು ಅನ್ನುವ ಕಡೆ ‘ವಕರಿಮಶಿತ’ ಇದೆ. ಅದನ್ನು ‘ಅರ್ಥ ಆಯಿತು’ ಅಂತ ಕಲಿಯಬೇಡಿ, ನಮ್ಮ ‘ಆಯ್ತು’ ಅಂತ ಕಲಿಯಿರಿ. ಕೆಲಸ ಹೇಳಿದಾಗ ನಾವು ‘ಆಯ್ತು’ ಅನ್ನುವ ಜಾಗದಲ್ಲೆಲ್ಲ ಅವರು ಅದನ್ನು ಹೇಳುತ್ತಾರೆ.

ಕನ್ನಡದ ‘ಇರು’, ಜಪಾನಿಯ ‘ಇರು’

ಇದನ್ನು ಮೊದಲ ಸಲ ನೋಡಿದಾಗ ನನಗಾದ ಖುಷಿ ಈಗಲೂ ನೆನಪಿದೆ. ಜಪಾನಿಯಲ್ಲಿ ಇರುವುದಕ್ಕೆ ‘ಇರು’ ಅಂತಲೇ ಹೇಳುತ್ತಾರೆ. ‘ತಬೆತೆ ಇರು’ ಅಂದರೆ ತಿನ್ನುತ್ತಾ ಇರು. ಇದು ಆಕಸ್ಮಿಕ ಹೋಲಿಕೆ. ಜಪಾನಿಗೂ ತಮಿಳಿಗೂ ನಂಟಿದೆ ಅಂತ ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ವಾದಿಸಿದ್ದರು, ಆದರೆ ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ನೆನಪಿಟ್ಟುಕೊಳ್ಳಲು ಮಾತ್ರ ಇದಕ್ಕಿಂತ ಸುಲಭದ ಪದ ಸಿಗುವುದಿಲ್ಲ.

‘ಇರು’ ಜೊತೆಗೆ ‘ಅರು’ ಅಂತಲೂ ಇದೆ. ಜೀವ ಇದ್ದು ತಾನಾಗಿ ಓಡಾಡುವುದಕ್ಕೆ ಇರು, ಉಳಿದದ್ದಕ್ಕೆ ಅರು. ಇದು ನಮ್ಮ ‘ಇದ್ದಾನೆ’ ಮತ್ತು ‘ಇದೆ’ ತರಹ ಅಂತ ಅನ್ನಿಸುತ್ತದೆ. ಅರ್ಧ ಮಾತ್ರ ನಿಜ. ನಾವು ಗೆರೆ ಎಳೆಯುವುದು ಮನುಷ್ಯರಿಗೂ ಉಳಿದವಕ್ಕೂ ನಡುವೆ. ನಾಯಿ ‘ಇದೆ’, ಹಸು ‘ಇದೆ’, ಕುರ್ಚಿಯೂ ‘ಇದೆ’. ಅವರ ಗೆರೆ ಬೇರೆ ಕಡೆ ಇದೆ. ನಾಯಿಗೂ ಬೆಕ್ಕಿಗೂ ಇರುವೆಗೂ ಇರು. ಮರ, ಹೂವು ಜೀವವಿದ್ದರೂ ಓಡಾಡುವುದಿಲ್ಲ, ಅದಕ್ಕೆ ಅರು. ಕೆರೆಯಲ್ಲಿ ಈಜುವ ಮೀನಿಗೆ ಇರು, ಅಂಗಡಿಯಲ್ಲಿ ಮಾರಲು ಇಟ್ಟ ಮೀನಿಗೆ ಅರು. ಹಾಗಾಗಿ ‘ಇದೆ’ ಅಂತ ಬಾಯಿಗೆ ಬಂದಾಗಲೆಲ್ಲ ಒಂದು ಕ್ಷಣ ನಿಂತು ‘ಇದು ಓಡಾಡುತ್ತಾ?’ ಅಂತ ಕೇಳಿಕೊಳ್ಳಿ.

ಒಡಹುಟ್ಟಿದವರ ಬಗ್ಗೆ ಹೇಳುವಾಗ ಮಾತ್ರ ನಿಶ್ಚಿಂತೆ. ‘ನನಗೆ ತಂಗಿ ಇದ್ದಾಳೆ’ ಅನ್ನುವುದು ‘ವತಶಿ ನಿ ವ ಇಮೋತೊ ಗ ಇರು’. ‘ನನಗೆ’ ಅನ್ನುವುದಕ್ಕೆ ಅಲ್ಲೂ ‘ನಿ’ ಬಂದಿದೆ ನೋಡಿ. ಅಣ್ಣ, ತಮ್ಮ, ಅಕ್ಕ, ತಂಗಿ ಅನ್ನುವ ನಾಲ್ಕೂ ಅವರಲ್ಲಿ ಬೇರೆ ಬೇರೆ ಇವೆ. ನಾವು ಹೊಸದಾಗಿ ಕಲಿಯಬೇಕಾದದ್ದು ಒಂದೇ. ನಮ್ಮ ಅಣ್ಣನ ಬಗ್ಗೆ ಹೊರಗಿನವರ ಹತ್ತಿರ ಹೇಳುವಾಗ ‘ಅನಿ’, ಬೇರೆಯವರ ಅಣ್ಣನಿಗೆ ‘ಒನೀಸನ್’. ಮನೆಯಲ್ಲಿ ಅಣ್ಣನನ್ನು ಕರೆಯುವಾಗಲೂ ‘ಒನೀಸನ್’.

ನೋಡು, ಕಾಣು, ಕೇಳು

‘ನೋಡಬಹುದು’ ಅನ್ನಲು ‘ಮಿರರೆರು’, ‘ಕಾಣಿಸುತ್ತೆ’ ಅನ್ನಲು ‘ಮಿಎರು’. ಟೋಕಿಯೊದಿಂದ ಒಸಾಕಾ ಕಡೆ ಶಿನ್‌ಕಾನ್‌ಸೆನ್ ರೈಲಿನಲ್ಲಿ ಹೋಗುವಾಗ, ಮೋಡ ಇಲ್ಲದಿದ್ದರೆ ಬಲಗಡೆ ಕಿಟಕಿಯಲ್ಲಿ 3,776 ಮೀಟರ್ ಎತ್ತರದ ಫ್ಯೂಜಿ ಪರ್ವತ ‘ಮಿಎರು’. ನೀವು ಹುಡುಕದಿದ್ದರೂ ಅದು ಕಣ್ಣಿಗೆ ಬೀಳುತ್ತದೆ. ಟಿಕೆಟ್ ಕೊಂಡು ಒಳಗೆ ಹೋಗಿ ನೋಡುವ ಚಿತ್ರಕ್ಕೆ ಮಿರರೆರು. ‘ಕಿಕು’ ಮತ್ತು ‘ಕಿಕೊಎರು’ ಕೂಡ ಹೀಗೆಯೇ, ಕೇಳು ಮತ್ತು ಕೇಳಿಸು. ಇನ್ನೊಂದು ಸೊಗಸು ಇದೆ. ಕಿಕು ಅಂದರೆ ಹಾಡು ಕೇಳುವುದೂ ಹೌದು, ದಾರಿ ಕೇಳುವುದೂ ಹೌದು. ಇಂಗ್ಲಿಷ್ ಮೂಲಕ ಕಲಿಯುವವರು ಇದನ್ನು ಎರಡು ಅರ್ಥ ಅಂತ ಉರು ಹೊಡೆಯುತ್ತಾರೆ. ನಮಗೆ ಅದು ಒಂದೇ ‘ಕೇಳು’.

ಉಡು, ತೊಡು, ಮೆಟ್ಟು

‘ವೇರ್’ ಅನ್ನುವ ಒಂದು ಪದಕ್ಕೆ ಜಪಾನಿಯಲ್ಲಿ ಸಾಲು ಸಾಲು ಕ್ರಿಯಾಪದಗಳಿವೆ. ಅಂಗಿ, ಕೋಟಿನಂಥ ಮೈಮೇಲಿನ ಬಟ್ಟೆಗೆ ‘ಕಿರು’. ಪ್ಯಾಂಟು, ಲಂಗ, ಕಾಲುಚೀಲ, ಚಪ್ಪಲಿ, ಹೀಗೆ ಕಾಲಿನ ಕಡೆಯಿಂದ ಏರಿಸುವುದಕ್ಕೆ ‘ಹಕು’. ತಲೆಯ ಟೋಪಿಗೆ ‘ಕಬುರು’. ಕನ್ನಡಕಕ್ಕೆ ‘ಕಕೆರು’. ಕಿಮೊನೊ ಅನ್ನುವ ಹೆಸರೇ ಕಿರು ಪದದಿಂದ ಬಂದದ್ದು, ಉಡುವ ವಸ್ತು ಅಂತ. ತೆಗೆಯುವಾಗಲೂ ಬೇರೆ ಬೇರೆ. ಬಟ್ಟೆ, ಚಪ್ಪಲಿ, ಟೋಪಿಗೆ ‘ನುಗು’, ಕನ್ನಡಕ, ಕೈಗಡಿಯಾರಕ್ಕೆ ‘ಹಜುಸು’.

ಇದು ಕಷ್ಟ ಅನ್ನುವವರಿಗೆ ಅಜ್ಜಿಯ ಕನ್ನಡ ನೆನಪಿಸುತ್ತೇನೆ. ಸೀರೆ ಉಡುತ್ತಿದ್ದರು, ಕುಪ್ಪಸ ತೊಡುತ್ತಿದ್ದರು, ಹೂ ಮುಡಿಯುತ್ತಿದ್ದರು, ಚಪ್ಪಲಿ ಮೆಟ್ಟುತ್ತಿದ್ದರು, ಪೇಟ ಸುತ್ತುತ್ತಿದ್ದರು. ಈಗ ನಾವು ಎಲ್ಲದಕ್ಕೂ ‘ಹಾಕ್ಕೊಳ್ಳೋದು’ ಅಂತೀವಿ. ಜಪಾನಿ ಕಲಿಯುವಾಗ ಆ ಹಳೆಯ ಪದಗಳು ನನಗೆ ವಾಪಸ್ ಸಿಕ್ಕವು. ಕಬುರುವಿನ ಪಕ್ಕ ಸುತ್ತು, ಹಕುವಿನ ಪಕ್ಕ ಮೆಟ್ಟು ಅಂತ ಬರೆದುಕೊಂಡೆ. ಪೂರ್ತಿ ಹೊಂದುವುದಿಲ್ಲ. ಆದರೆ ಮೈಯ ಯಾವ ಭಾಗ ಅಂತ ಯೋಚಿಸುವ ರೂಢಿ ಬಂತು.

‘ಅಲ್ಲಿ’ ಒಂದೇ, ಅವರಲ್ಲಿ ಎರಡು

ಕನ್ನಡ ಕೈಕೊಡುವ ಜಾಗ ಇದು. ‘ಬೆಂಗಳೂರಲ್ಲಿ ಇದ್ದೀನಿ’, ‘ಬೆಂಗಳೂರಲ್ಲಿ ಊಟ ಮಾಡಿದೆ’. ನಮಗೆ ಎರಡೂ ‘ಅಲ್ಲಿ’. ಜಪಾನಿಯಲ್ಲಿ ಮೊದಲನೆಯದಕ್ಕೆ ‘ನಿ’, ಎರಡನೆಯದಕ್ಕೆ ‘ದೆ’. ಸುಮ್ನೆ ಇರುವುದು, ವಾಸ ಮಾಡುವುದು ನಿ. ಅಲ್ಲಿ ಏನಾದರೂ ಮಾಡಿದರೆ ಅಥವಾ ನಡೆದರೆ ದೆ. ಅದಕ್ಕೇ ‘ಅರು’ ಇದ್ದರೂ ಸಭೆ, ಹಬ್ಬಗಳಿಗೆ ದೆ ಬರುತ್ತದೆ: ‘ಕೈಗಿ ವ ತೋಕ್ಯೋ ದೆ ಅರು’, ಅಂದರೆ ಸಭೆ ಟೋಕಿಯೊದಲ್ಲಿ ಇದೆ. ಸಭೆ ಅಲ್ಲಿ ಕುರ್ಚಿಯ ಹಾಗೆ ಬಿದ್ದುಕೊಂಡಿಲ್ಲ, ನಡೆಯುತ್ತದೆ. ಕೆಲಸಕ್ಕೂ ಎರಡು ಪದಗಳಿವೆ. ದುಡಿಯುವ ಕ್ರಿಯೆ ‘ಹತರಕು’, ಅದಕ್ಕೆ ದೆ. ಬ್ಯಾಂಕಿನಲ್ಲಿ ನೌಕರಿಯಲ್ಲಿರುವುದು ‘ತ್ಸುತೊಮೆರು’, ಅದಕ್ಕೆ ನಿ.

ದೆ ವಿಷಯದಲ್ಲಿ ಒಂದು ಸಣ್ಣ ಸಹಾಯ ಮಾತ್ರ ನಮ್ಮ ಆಡುಮಾತಿನಿಂದ ಸಿಗುತ್ತದೆ. ‘ಬಸ್ಸಲ್ಲಿ ಬಂದೆ’, ‘ಪೆನ್ನಲ್ಲಿ ಬರೆ’ ಅಂತೀವಲ್ಲ, ಆ ಸಾಧನದ ‘ಅಲ್ಲಿ’ಗೆಲ್ಲ ದೆ.

‘ರೆ’ಗೆ ನಾಲ್ಕು ರೂಪ

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ (ಜೆಎಲ್‌ಪಿಟಿ) ಎನ್ 4 ಹಂತಕ್ಕೆ ಓದುವವರನ್ನು ಬಹಳ ಕಾಡುವುದು ‘ಇಫ್’ ಅನ್ನುವ ಅರ್ಥದ ನಾಲ್ಕು ರೂಪಗಳು: ‘ತೊ’, ‘ಬ’, ‘ತರ’, ‘ನರ’. ಇಲ್ಲಿ ಮೊದಲು ತರ ಹಿಡಿಯಿರಿ. ‘ತಬೆತ’ ಅಂದರೆ ತಿಂದ, ‘ತಬೆತರ’ ಅಂದರೆ ತಿಂದರೆ. ‘ಕಿತ’ ಅಂದರೆ ಬಂದ, ‘ಕಿತರ’ ಅಂದರೆ ಬಂದರೆ. ಭೂತಕಾಲದ ರೂಪಕ್ಕೆ ನಾವು ‘ರೆ’ ಸೇರಿಸುತ್ತೇವೆ, ಅವರು ‘ರ’ ಸೇರಿಸುತ್ತಾರೆ. ರೂಪ ಕಲಿಯುವ ಕೆಲಸವೇ ಇಲ್ಲ. ಬಳಕೆಯೂ ಇದಕ್ಕೇ ಎಲ್ಲಕ್ಕಿಂತ ಅಗಲ. ಆದರೆ ತರಗೆ ‘ಆದ ಮೇಲೆ’ ಅನ್ನುವ ಅರ್ಥವೂ ಇದೆ. ‘ಎಕಿ ನಿ ತ್ಸುಯಿತರ ದೆನ್ವ ಶಿತೆ ಕುದಸೈ’ ಅಂದರೆ ‘ಸ್ಟೇಷನ್ ತಲುಪಿದ ಮೇಲೆ ಫೋನ್ ಮಾಡಿ’. ತಲುಪುತ್ತೀರೋ ಇಲ್ಲವೋ ಅನ್ನುವ ಅನುಮಾನ ಅಲ್ಲಿಲ್ಲ.

ನರ ಇನ್ನೂ ಸುಲಭ. ಅದು ನಮ್ಮ ‘ಆದರೆ’, ‘ಹೋಗೋದಾದರೆ’ ಅನ್ನುವಾಗಿನ ಆದರೆ. ‘ನಿಹೊನ್ ನಿ ಇಕು ನರ ಹರು ಗ ಈ’, ಅಂದರೆ ‘ಜಪಾನಿಗೆ ಹೋಗೋದಾದರೆ ವಸಂತ ಒಳ್ಳೆಯದು’. ಎದುರಿನವರು ತೆಗೆದ ಮಾತನ್ನು ಹಿಡಿದು ಸಲಹೆ ಕೊಡುವಾಗ ನರ. ‘ಹೋಗೋದಾದರೆ’ ಮತ್ತು ‘ಹೋದರೆ’ ನಡುವೆ ನಿಮಗೆ ಗೊತ್ತಿರುವ ವ್ಯತ್ಯಾಸವೇ ನರ ಮತ್ತು ತರ ನಡುವೆಯೂ ಇದೆ.

ತೊ ಅಂದರೆ ತಪ್ಪದೆ ಆಗುವುದು. ಗುಂಡಿ ಒತ್ತಿದರೆ ಟಿಕೆಟ್ ಬರುತ್ತೆ, ವಸಂತ ಬಂದರೆ ಸಕುರ ಅರಳುತ್ತೆ. ಇದರ ಮುಂದೆ ‘ಮಾಡಿ’, ‘ಮಾಡೋಣ’ ಅಂತ ಹೇಳುವ ಹಾಗಿಲ್ಲ. ಪರೀಕ್ಷೆಯಲ್ಲಿ ವಾಕ್ಯದ ಕೊನೆಗೆ ‘ಕುದಸೈ’ ಕಂಡರೆ ತೊ ಬಿಟ್ಟುಬಿಡಿ. ಬ ಅಂದರೆ ‘ಹೀಗಾದರೆ ಸಾಕು’ ಅನ್ನುವ ಧ್ವನಿ: ‘ಕುಸುರಿ ಒ ನೊಮೆಬ ನಒರು’, ‘ಔಷಧಿ ಕುಡಿದರೆ ವಾಸಿಯಾಗುತ್ತೆ’. ತೊ ಮತ್ತು ಬ ನಡುವೆ ತೂಗಾಡುವಾಗ ಮಾತಿನಲ್ಲಿ ತರ ಬಳಸಿ. ಹೆಚ್ಚಿನ ಕಡೆ ನಡೆಯುತ್ತದೆ.

ಕಾರಣದ ಮಾತೂ ಇಲ್ಲೇ ಮುಗಿಸಿಬಿಡೋಣ. ‘ಕರ’ ಅಂದರೆ ನಮ್ಮ ‘ಇಂದ’. ಊರಿನಿಂದ ಅನ್ನುವಾಗಲೂ ಅದೇ, ಮಳೆ ಬಂದದ್ದರಿಂದ ಅನ್ನುವಾಗಲೂ ಅದೇ. ‘ನೊದೆ’ ಕೂಡ ಕಾರಣವೇ, ಆದರೆ ಮೆದು. ರಜೆ ಕೇಳುವಾಗ, ತಡವಾದುದಕ್ಕೆ ಕ್ಷಮೆ ಕೇಳುವಾಗ ನೊದೆ ಬಳಸಿ. ಅಲ್ಲಿ ಕರ ಅಂದರೆ ವಾದಕ್ಕೆ ನಿಂತ ಹಾಗೆ ಕೇಳಿಸಬಹುದು.

ಕನ್ನಡವೂ ನೆರವಾಗದಿದ್ದರೆ

ವಿರುದ್ಧ ಪದ ಹುಡುಕಿ. ಎತ್ತರ, ದುಬಾರಿ ಎರಡಕ್ಕೂ ‘ತಕೈ’. ಒಂದರ ವಿರುದ್ಧ ‘ಹಿಕುಯಿ’, ಇನ್ನೊಂದರ ವಿರುದ್ಧ ‘ಯಸುಯಿ’. ಅಲ್ಲಿಗೆ ಎರಡು ಅರ್ಥ ಬೇರೆಯಾದವು. ಆಮೇಲೆ ಪದದ ಹಿಂದೆ ಗ ಬರುತ್ತದೋ ಒ ಬರುತ್ತದೋ ನೋಡಿ. ಕೊನೆಗೆ, ‘ಖುಷಿ’ಯಂಥ ಪದಕ್ಕೆ ಯಾರ ಖುಷಿ, ಎಲ್ಲಿಂದ ಬಂತು ಅಂತ ಕೇಳಿ. ಉಡುಗೊರೆ ಸಿಕ್ಕಿ ಮನಸ್ಸಿಗೆ ಆದದ್ದು ‘ಉರೆಶೀ’. ಪ್ರವಾಸದುದ್ದಕ್ಕೂ ಸಿಕ್ಕ ಮಜಾ ‘ತನೊಶೀ’. ಬಾಳಿನ ನೆಮ್ಮದಿ, ಸುಖ ‘ಶಿಅವಸೆ’.

ಕೊಡುವುದು ಯಾರ ಕಡೆಗೆ?

ಕಲಿತಷ್ಟೂ ಮುಗಿಯದ, ನನಗೆ ತುಂಬ ಪ್ರೀತಿಯ ಜೋಡಿ ಇದು. ‘ಅಗೆರು’ ಅಂದರೂ ಕೊಡು, ‘ಕುರೆರು’ ಅಂದರೂ ಕೊಡು. ನನ್ನ ಕಡೆಯಿಂದ ಹೊರಗೆ ಹೋದರೆ ಅಗೆರು. ಹೊರಗಿನಿಂದ ನನ್ನ ಕಡೆಗೆ ಬಂದರೆ ಕುರೆರು. ‘ತೊಮೊದಚಿ ಗ ಹೊನ್ ಒ ಕುರೆತ’ ಅಂದರೆ ‘ಗೆಳೆಯ ಪುಸ್ತಕ ಕೊಟ್ಟ’. ‘ನನಗೆ’ ಅಂತ ಹೇಳಲೇ ಇಲ್ಲ. ಕ್ರಿಯಾಪದವೇ ಅದನ್ನು ಹೇಳಿಬಿಟ್ಟಿತು. ಕನ್ನಡದಲ್ಲಿ ಈ ಭೇದ ಇಲ್ಲ. ಪಕ್ಕದ ಮಲಯಾಳದಲ್ಲಿ ಇದಕ್ಕೆ ಹತ್ತಿರದ್ದು ಇದೆ: ನನಗೋ ನಿನಗೋ ಕೊಡುವುದಕ್ಕೆ ಒಂದು ಪದ, ಮೂರನೆಯವರಿಗೆ ಕೊಡುವುದಕ್ಕೆ ಇನ್ನೊಂದು. ಮಲಯಾಳ ಬಲ್ಲ ಕರಾವಳಿಯವರಿಗೆ ಇದು ಬೇಗ ಹಿಡಿಯುತ್ತದೆ.

‘ನನ್ನ ಕಡೆ’ ಅಂದರೆ ನಾನೊಬ್ಬನೇ ಅಲ್ಲ. ಗೆಳೆಯ ನನ್ನ ತಂಗಿಗೆ ಪುಸ್ತಕ ಕೊಟ್ಟರೂ ಕುರೆತ. ಅಲ್ಲಿ ‘ಅಗೆತ’ ಅಂದರೆ ತಂಗಿಯನ್ನು ಹೊರಗಿನವಳ ಹಾಗೆ ದೂರ ನಿಲ್ಲಿಸಿದಂತೆ. ಅದೇ ಘಟನೆಯನ್ನು ನಾನು ಪಡೆದ ಕಡೆಯಿಂದ ಹೇಳಿದರೆ ‘ಮೊರೌ’: ‘ತೊಮೊದಚಿ ನಿ ಹೊನ್ ಒ ಮೊರತ್ತ’, ಗೆಳೆಯನಿಂದ ಪುಸ್ತಕ ಸಿಕ್ಕಿತು.

ವಸ್ತು ಬಿಟ್ಟು ಉಪಕಾರಕ್ಕೆ ಬಂದಾಗ ಕನ್ನಡ ಮತ್ತೆ ಹತ್ತಿರ ಬರುತ್ತದೆ. ನಾವು ಬರೆದುಕೊಟ್ಟ, ಹೇಳಿಕೊಟ್ಟ, ಮಾಡಿಕೊಟ್ಟ ಅಂತೀವಿ. ಅವರು ‘ಕೈತೆ ಕುರೆತ’, ‘ಒಶಿಎತೆ ಕುರೆತ’, ‘ಶಿತೆ ಕುರೆತ’ ಅಂತಾರೆ. ‘ಬರೆಸಿಕೊಂಡೆ’ ಅನ್ನುವುದಕ್ಕೆ ಹತ್ತಿರ ‘ಕೈತೆ ಮೊರತ್ತ’, ಅದರಲ್ಲಿ ಉಪಕಾರದ ನೆನಪೂ ಸೇರಿದೆ. ನಮ್ಮಲ್ಲಿ ‘ಹೇಳಿದ’ ಅಂದರೂ ನಡೆಯುತ್ತದೆ, ‘ಹೇಳಿಕೊಟ್ಟ’ ಅಂದರೂ ನಡೆಯುತ್ತದೆ. ಅವರಲ್ಲಿ ನನಗಾಗಿ ಮಾಡಿದ ಉಪಕಾರವನ್ನು ಕುರೆರು ಇಲ್ಲದೆ ಹೇಳಿದರೆ ಕೃತಜ್ಞತೆ ಇಲ್ಲದ ಹಾಗೆ, ಬರೀ ವರದಿಯ ಹಾಗೆ ಕೇಳಿಸುತ್ತದೆ.

ಅಗೆರುವಿನಲ್ಲಿ ಒಂದು ಎಚ್ಚರ. ಹಿರಿಯರ ಚೀಲ ಹೊರಲು ಮುಂದಾಗಿ ‘ಮೊತ್ತೆ ಅಗೆಮಶೋ ಕ’ ಅನ್ನಬೇಡಿ. ನಾನು ನಿಮಗೆ ಉಪಕಾರ ಮಾಡಲಾ ಅಂತ ಎತ್ತಿ ತೋರಿಸಿದ ಹಾಗಾಗುತ್ತದೆ. ‘ಒಮೊಚಿ ಶಿಮಶೋ ಕ’ ಅನ್ನಿ. ಹಿರಿಯರಿಗೆ ಏನನ್ನಾದರೂ ಕೊಡುವಾಗ ‘ಸಶಿಅಗೆರು’, ಗಿಡಕ್ಕೆ ನೀರು ಹಾಕಲು ‘ಯರು’. ಹಿರಿಯರು ನಮಗೆ ಕೊಟ್ಟರೆ ಕುರೆರು ಹೋಗಿ ‘ಕುದಸರು’ ಆಗುತ್ತದೆ, ಅವರಿಂದ ನಾವು ಪಡೆದರೆ ಮೊರೌ ಹೋಗಿ ‘ಇತದಕು’ ಆಗುತ್ತದೆ.

ಈ ಕೊನೆಯ ಎರಡನ್ನು ನೀವು ಮೊದಲ ಪಾಠದಲ್ಲೇ ಕಲಿತಿರುತ್ತೀರಿ. ‘ಮಿಜು ಒ ಕುದಸೈ’ ಅಂತ ನೀರು ಕೇಳುತ್ತೀರಲ್ಲ, ಆ ಕುದಸೈ ಬಂದದ್ದು ಕುದಸರುವಿನಿಂದ. ಊಟಕ್ಕೆ ಕೂತಾಗ ಗೊಹನ್ ಎದುರು ಕೈಜೋಡಿಸಿ ಹೇಳುವ ‘ಇತದಕಿಮಸು’ ಬಂದದ್ದು ಇತದಕುವಿನಿಂದ.